ವಿಕ್ಟೋರಿಯಾ ಬಂತು

ಬಾಗಿಲಿಗೆ ಕಿವಿಗೊಟ್ಟು ಕೇಳುವುದು ಪಾಪವೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಹತ್ತು ವರ್ಷ ಕಲಿಸಿದ್ದಾರೆ. ಹಾಗಾಗಿ ನಾನು ಕೇಳುವುದಿಲ್ಲ. ಕಾಫಿ ತುಂಬ ಬಿಸಿಯಿದ್ದರೆ ಮಾತ್ರ ಗಂಡನ ಕೋಣೆಯ ಹೊರಗೆ ಲೋಟ ಹಿಡಿದು, ಅದು ಆರುವವರೆಗೆ ನಿಲ್ಲುತ್ತೇನೆ. ಈಚೆಗೆ ನಮ್ಮ ಮನೆಯ ಕಾಫಿ ಆರಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಮನೆಯಿಂದಲೇ ಆಫೀಸು ಮಾಡುವ ನಮ್ಮವರು ಒಳಗೆ ತಮ್ಮ ಅಣ್ಣನಿಗೆ ಫೋನಿನಲ್ಲಿ ಹೇಳುತ್ತಿದ್ದರು: "ವಿಕ್ಟೋರಿಯಾ ಇಡೀ ದಿನ ರೈಲಲ್ಲಿ ಕೂತು ಬಂತು. ಪಾಪ, ಊಟ ಇಲ್ಲೆ, ನಿದ್ದೆ ಇಲ್ಲೆ. ನಂಗೆ ಮೊದಲಿಂದನೂ ಅದ್ರ ಮೇಲೇ ಮನಸ್ಸು."

ಬೇರೆ ಹೆಂಗಸಾಗಿದ್ದರೆ "ಬಂತು" ಎಂಬುದನ್ನು ಕೇಳಿ ಬೆಕ್ಕೋ ಪಾರ್ಸೆಲ್ಲೋ ಇರಬೇಕೆಂದು ನಿಶ್ಚಿಂತಳಾಗುತ್ತಿದ್ದಳು. ಆದರೆ ನಮ್ಮವರು ಶಿರಸಿ ಕಡೆಯವರು. ಅವರ ಮನೆಮಾತಿನಲ್ಲಿ ಹೆಂಗಸರೆಲ್ಲ "ಅದು". ಮದುವೆಯಾದ ಹೊಸದರಲ್ಲಿ ಅತ್ತೆ ನೆಂಟರೆದುರು "ಅದು ಚಲೋ ಹಾಡ್ತು" ಎಂದಾಗ, ಮೈಸೂರಿನವಳಾದ ನಾನು ರೇಡಿಯೋ ಎಲ್ಲಿದೆಯೆಂದು ತಿರುಗಿ ನೋಡಿದ್ದೆ. ಪ್ರೀತಿ ಹೆಚ್ಚಿದಷ್ಟೂ ನಪುಂಸಕಲಿಂಗ. ಅಂದಮೇಲೆ ಈ ವಿಕ್ಟೋರಿಯಾ ಅವರಿಗೆ ಮನೆಯವಳಷ್ಟೇ ಹತ್ತಿರವಾಗಿರಬೇಕು. ಸಾಲದ್ದಕ್ಕೆ, ನಾನು ಒಳಗೆ ಕಾಲಿಟ್ಟೊಡನೆ ಲ್ಯಾಪ್‌ಟಾಪು ಮುಚ್ಚಿಕೊಳ್ಳುತ್ತಿತ್ತು.

ಅಮೆರಿಕದಲ್ಲಿ ನಾವಿರುವ ಮಿಲ್ಪಿಟಾಸಿನ ಇಂಡಿಯನ್ ಗ್ರೋಸರಿಯಲ್ಲಿ ಕರಿಬೇವು ಆರಿಸುತ್ತ ಗೆಳತಿ ಶೈಲಜಾಗೆ ಎಲ್ಲ ಹೇಳಿಕೊಂಡೆ. ಹುಬ್ಬಳ್ಳಿಯ ಆಕೆ ಕೇಳಿದ ಮೊದಲ ಪ್ರಶ್ನೆ: "ಅಕೀಗೆ ವಯಸ್ಸೆಷ್ಟಂತ?" ಆ ಪ್ರಶ್ನೆ ಮೂರು ದಿನ ನನ್ನ ನಿದ್ದೆ ಕೆಡಿಸಿತು. ನಾಲ್ಕನೆಯ ದಿನ ಮಧ್ಯಾಹ್ನ, ಸಾರು ಬಡಿಸುತ್ತ, ಆದಷ್ಟು ಮೆಲ್ಲಗೆ ಹೇಳಿದೆ: "ಆ ವಿಕ್ಟೋರಿಯಾನ ಮನೆಗೇ ಕರ್ಕೊಂಡು ಬಂದ್ಬಿಡಿ. ನಾನು ಮೈಸೂರಿಗೆ ಹೋಗ್ತೀನಿ."

"ಮನೆಗಾ? ಹನ್ನೊಂದು ಜನ ಮಾರಾಯ್ತಿ!" ಎಂದರು.

ಸೌಟು ಸಾರಿಗೆ ಬಿತ್ತು. ಅವರು ಲ್ಯಾಪ್‌ಟಾಪು ತಂದು ತೆರೆದರು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಯುರೋಪಿನ ಒಂದು ದೇಶದಲ್ಲಿ ನಡೆದ ಮೊತ್ತಮೊದಲ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಂತೆ. ಆಡುವವರಿಗೆ ಸಂಬಳವಿಲ್ಲ. ಗುಮಾಸ್ತರು, ದರ್ಜಿಗಳು, ಒಬ್ಬ ಹಲ್ಲಿನ ಡಾಕ್ಟರು, ಎಲ್ಲರೂ ರಜೆ ಹಾಕಿ, ತಾವೇ ರೈಲು ಟಿಕೆಟು ತೆಗೆದುಕೊಂಡು ಬಂದು ಆಡಿ ಸೋತ ತಂಡದ ಹೆಸರು ವಿಕ್ಟೋರಿಯಾ. ಇವರೂ ಇವರ ಅಣ್ಣನೂ ಸೇರಿ ಹವ್ಯಾಸಕ್ಕೆಂದು ಆ ವರ್ಷದ ಪಂದ್ಯಗಳ ಪಟ್ಟಿ ಮಾಡುತ್ತಿದ್ದರು.

"ಮತ್ತೆ ಮುಚ್ಚಿಡೋದು ಯಾಕೆ?"

"ಇಷ್ಟು ಪುರುಸೊತ್ತಿದ್ರೆ ಗರಾಜು ಕ್ಲೀನ್ ಮಾಡಿ ಅಂತೀಯಲ್ಲ!"

ಅವರು ತೋರಿಸಿದ ತಂಡದ ಫೋಟೋದಲ್ಲಿ ಹನ್ನೊಂದು ಮೀಸೆಗಳಿದ್ದವು. ಎರಡು ಸಲ ಎಣಿಸಿದೆ. "ಇದನ್ನ ಯಾರ ಹತ್ರನೂ ಹೇಳಿಲ್ಲ ತಾನೆ?" ಎಂದು ಕೇಳಿದರು. "ಛೆ ಛೆ" ಎಂದವಳೇ ಹಿತ್ತಲಿಗೆ ಹೋಗಿ ಶೈಲಜಾಗೆ ಫೋನು ಮಾಡಿದೆ.

ಆಕೆ ಎಲ್ಲ ಕೇಳಿ ನಿಟ್ಟುಸಿರುಬಿಟ್ಟಳು. "ನೂರು ವರ್ಷದ ಹಿಂದಿನ ಫುಟ್‌ಬಾಲ್ ಟೀಮಾ? ನಮ್ಮನಿಯವರಿಗೆ ಇಷ್ಟು ಚಂದ ಸುಳ್ಳು ಹೇಳಾಕ ಬರಂಗಿಲ್ಲ ನೋಡವಾ."

ನಾನು ನಕ್ಕು ಫೋನಿಟ್ಟೆ. ಮನಸ್ಸು ಹಗುರಾಗಿತ್ತು. ಆದರೂ ಅವರು ಸ್ನಾನಕ್ಕೆ ಹೋದಾಗ ಆ ಫೋಟೋ ಇನ್ನೊಮ್ಮೆ ತೆರೆದು, ದೊಡ್ಡದು ಮಾಡಿ, ಒಂದೊಂದೇ ಮುಖ ನೋಡಿದೆ. ಎಡತುದಿಯಲ್ಲಿ ನಿಂತ ಗೋಲ್‌ಕೀಪರಿನ ಮೀಸೆ, ನನಗೇಕೋ, ಅಂಟಿಸಿದ ಹಾಗೆ ಕಾಣುತ್ತದೆ.