ಕೊಕ್ಕರೆಗೆ ಮೊದಲ ಸ್ಥಾನ

ಲಮಾರ್ ಟಿಡ್‌ಮೋರ್ ಹನ್ನೊಂದು ವರ್ಷಗಳಿಂದ ಹೆಂಡತಿಗೆ ಒಂದೇ ಒಂದು ಸುಳ್ಳು ಹೇಳಿಕೊಂಡು ಬಂದಿದ್ದ. ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ಒಂದೇ ಸುಳ್ಳು ಎಂದರೆ ಅದನ್ನು ಸತ್ಯಸಂಧತೆ ಎಂದೇ ಕರೆಯಬೇಕು (ಎಂದು ಅವನೇ ತನಗೆ ಸಮಾಧಾನ ಹೇಳಿಕೊಳ್ಳುತ್ತಿದ್ದ). ಆದರೆ ಆಗಸ್ಟ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಹಾಯ್ಟ್‌ನ ಕ್ಷೌರದಂಗಡಿಯಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಕೂತಿದ್ದಾಗ, ಆ ಸುಳ್ಳಿಗೆ ಇನ್ನು ಎರಡೇ ದಿನದ ಆಯಸ್ಸು ಎಂಬುದು ಅವನಿಗೆ ತಿಳಿದುಬಂತು.

ಅಲಬಾಮಾದ ಕಾಟನ್ ಫೋರ್ಕ್ ಎಂಬ ಆ ಊರಿನಲ್ಲಿ ಇರುವುದು ಎರಡೇ ಜಾತಿ. ಹಾರ್ಲನ್ ಸ್ಟೇಟ್ ಕಾಲೇಜಿನ ಫುಟ್‌ಬಾಲ್ ತಂಡದ ಕಡೆಯವರು ಒಂದು, ಕ್ಯಾಲವೇ ಕಾಲೇಜಿನ ತಂಡದ ಕಡೆಯವರು ಇನ್ನೊಂದು. ಆ ಕಾಲೇಜುಗಳ ಮೆಟ್ಟಿಲು ಹತ್ತಿದವರು ಊರಲ್ಲಿ ಬೆರಳೆಣಿಕೆಯಷ್ಟು. ಅದು ಮುಖ್ಯವಲ್ಲ, ಹುಟ್ಟಿನಿಂದ ಬರುವುದಕ್ಕೆ ಓದು ಯಾಕೆ ಬೇಕು? ಹಾರ್ಲನ್‌ನವರ ಬಣ್ಣ ಕಡುಗೆಂಪು, ಲಾಂಛನ ಹೇಸರಗತ್ತೆ. ಕ್ಯಾಲವೇಯವರದು ಹಸಿರು, ಲಾಂಛನ ಕೊಕ್ಕರೆ. ಲಮಾರ್ ಹೇಸರಗತ್ತೆ. ಅವನ ಹೆಂಡತಿ ವರ್ನೆಲ್ ಕೊಕ್ಕರೆ. ಅಂತರ್ಜಾತೀಯ ವಿವಾಹ. ಮದುವೆಯನ್ನು ಜೂನ್‌ನಲ್ಲೇ ಮುಗಿಸಿದ್ದರು, ಏಕೆಂದರೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಶನಿವಾರವೆಂದರೆ ಆಟದ ದಿನ, ಅವುಗಳಲ್ಲಿ ಯಾವ ದಿನ ಮುಹೂರ್ತ ಇಟ್ಟರೂ ಪಾದ್ರಿಯೇ ಬರುವುದಿಲ್ಲ. ಆದರೂ ವರ್ನೆಲ್‌ಳ ಅಪ್ಪ ಹಸಿರು ಟೈ ಕಟ್ಟಿಕೊಂಡು ಬಂದು, ಮಗಳನ್ನು ಒಪ್ಪಿಸುವಾಗ ಅಳಿಯನ ಕಿವಿಯಲ್ಲಿ, "ಇವಳ ದೇಹ ಮಾತ್ರ ನಿಂದು ಕಣಪ್ಪ, ಶನಿವಾರ ನಮ್ಮದು" ಎಂದಿದ್ದರು.

ಊರಿನ ವಾರಪತ್ರಿಕೆಯ ಹೆಸರು ಕ್ರಾನಿಕಲ್. ಪ್ರತಿ ಆಗಸ್ಟ್‌ನಲ್ಲಿ, ಆಟದ ಋತು ಶುರುವಾಗುವ ಮೊದಲು, ಊರಿನ ಐದು ಮಂದಿ ಮಹಾಪಂಡಿತರು (ಕ್ಷೌರಿಕ ಹಾಯ್ಟ್ ಅವರಲ್ಲೊಬ್ಬ) ದೇಶದ ತಂಡಗಳಿಗೆ ಒಂದರಿಂದ ಇಪ್ಪತ್ತೈದರವರೆಗೆ ಸ್ಥಾನ ಹಂಚುತ್ತಾರೆ. ಆಗಿನ್ನೂ ಒಂದು ಚೆಂಡೂ ಹಾರಿರುವುದಿಲ್ಲ, ಒಬ್ಬ ಹುಡುಗನ ಮಂಡಿಗೂ ಹುಲ್ಲಿನ ಕಲೆ ಹತ್ತಿರುವುದಿಲ್ಲ. ಪರೀಕ್ಷೆ ಬರೆಯುವ ಮೊದಲೇ ರ್‍ಯಾಂಕ್ ಘೋಷಿಸಿದಂತೆ ಅದು. ಆದರೂ ಆ ಪಟ್ಟಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದುಂಟು. ಲಮಾರ್‌ಗೆ ಹನ್ನೊಂದು ವರ್ಷದ ಹಿಂದೆ ಈ ಪಂಡಿತ ಪದವಿ ಬಂದದ್ದು ಹೇಗೆಂದರೆ, ಪ್ರಾಯದಲ್ಲಿ ಅವನು ಹಾರ್ಲನ್ ಸ್ಟೇಟ್‌ನ ಅಂಗಿ ತೊಟ್ಟು ನಾಲ್ಕು ನಿಮಿಷ ಮೈದಾನದಲ್ಲಿ ನಿಂತಿದ್ದ (ಆಗಲೇ ಸೋತುಹೋಗಿದ್ದ ಪಂದ್ಯ, ಜೋರು ಮಳೆ ಬೇರೆ). ಆಮೇಲೆ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದರೂ ಊರು ನೆನಪಿಟ್ಟುಕೊಂಡದ್ದು ಆ ನಾಲ್ಕು ನಿಮಿಷಗಳನ್ನೇ.

ಪಂಡಿತರ ಮತ ಗುಟ್ಟಾಗಿ ಇರುತ್ತಿತ್ತು, ಪತ್ರಿಕೆಯಲ್ಲಿ ಒಟ್ಟು ಪಟ್ಟಿ ಮಾತ್ರ ಬರುತ್ತಿತ್ತು. ಲಮಾರ್ ಪ್ರತಿ ವರ್ಷ ಕಣ್ಣು ಮುಚ್ಚಿಕೊಂಡು ಹಾರ್ಲನ್ ಸ್ಟೇಟ್‌ಗೆ ಮೊದಲ ಸ್ಥಾನ ಕೊಡುತ್ತಿದ್ದ. ಕ್ಯಾಲವೇಯನ್ನು ಇಪ್ಪತ್ತೈದರ ಹತ್ತಿರವೂ ಸುಳಿಯಗೊಡುತ್ತಿರಲಿಲ್ಲ. ಮನೆಗೆ ಬಂದು ಮಾತ್ರ ಹೇಳುತ್ತಿದ್ದುದು ಬೇರೆ.

"ನಾನಂತೂ ನಿಮ್ಮ ಕೊಕ್ಕರೆಗಳನ್ನ ಐದರೊಳಗೇ ಹಾಕಿದೀನಿ ಕಣೇ. ಆ ಹಾಯ್ಟ್ ಇದಾನಲ್ಲ, ಅವನೇ ಕೆಳಗೆ ದಬ್ಬೋದು."

"ಹೌದಾ? ಪಾಪ, ನೀವು ಒಳ್ಳೇವರು" ಎನ್ನುತ್ತಿದ್ದಳು ವರ್ನೆಲ್.

ಇದರ ಫಲ ಬುಧವಾರದ ಚರ್ಚಿನ ಊಟದಲ್ಲಿ ಕಾಣುತ್ತಿತ್ತು. ವರ್ನೆಲ್ ಮಾಡುವ ಪೀಚ್ ಕಾಬ್ಲರ್ ಎಂದರೆ ಆ ಜಿಲ್ಲೆಗೇ ಹೆಸರುವಾಸಿ. ಪೀಚ್ ಹಣ್ಣಿನ ಪಾಕದ ಮೇಲೆ ಬೆಣ್ಣೆ ಹಿಟ್ಟು ಹೊದಿಸಿ ಬೇಯಿಸಿದ ಆ ಸಿಹಿಯ ನಟ್ಟನಡುವಿನ ಮೆತ್ತನೆಯ ತುಂಡು ಲಮಾರ್‌ಗೆ. ತಟ್ಟೆಯ ಮೂಲೆಯಲ್ಲಿ ಸೀದು ಕರಕಲಾದ ತುಂಡು ಹಾಯ್ಟ್‌ಗೆ. ಹನ್ನೊಂದು ವರ್ಷ ಆ ನಿರಪರಾಧಿ ಕ್ಷೌರಿಕ ಕರಕಲನ್ನು ಕಟಕಟ ಕಡಿಯುವುದನ್ನು ಕಂಡಾಗಲೆಲ್ಲ ಲಮಾರ್‌ಗೆ ಪಶ್ಚಾತ್ತಾಪವಾಗುತ್ತಿತ್ತು. ಆ ಪಶ್ಚಾತ್ತಾಪವನ್ನು ಅವನು ಇನ್ನೊಂದು ಚಮಚ ಐಸ್‌ಕ್ರೀಮ್ ಹಾಕಿಕೊಂಡು ನುಂಗುತ್ತಿದ್ದ.

ಈಗ ಆ ಮಂಗಳವಾರಕ್ಕೆ ಬರೋಣ. ಪತ್ರಿಕೆಯ ಸಂಪಾದಕ ಗ್ರೇಡಿ ಕ್ಷೌರದಂಗಡಿಯ ಬಾಗಿಲು ತಳ್ಳಿಕೊಂಡು ಬಂದವನೇ, "ಈ ಸಲ ಹೆಸರು ಹಾಕೇ ಅಚ್ಚು ಮಾಡ್ತೀನಿ ಕಣ್ರಪ್ಪ" ಎಂದ. "ಯಾರು ಯಾರಿಗೆ ಎಷ್ಟನೇ ಸ್ಥಾನ ಕೊಟ್ರಿ ಅಂತ ಊರಿಗೆಲ್ಲ ಗೊತ್ತಾಗ್ಲಿ. ಗುಟ್ಟಲ್ಲಿ ಕೂತು ಕಲ್ಲು ಹೊಡೀತಾರೆ ಅಂತ ದೂರು ಬಂದಿವೆ. ಇವತ್ತು ಸಂಜೆ ಐದರೊಳಗೆ ಪಟ್ಟಿ ಕೊಡಿ."

"ನಂದೇನಪ್ಪ ಮುಚ್ಚುಮರೆ?" ಎಂದ ಹಾಯ್ಟ್, ಕತ್ತರಿ ಆಡಿಸುತ್ತಲೇ. "ಕ್ಯಾಲವೇಗೆ ಪ್ರತಿ ವರ್ಷ ಮೂರನೇ ಸ್ಥಾನ. ಈ ಕುರ್ಚೀಲಿ ಕೂತವರಿಗೆಲ್ಲ ಹೇಳೇ ಹೇಳ್ತೀನಿ. ಅವರ ಹೊಸ ಕ್ವಾರ್ಟರ್‌ಬ್ಯಾಕ್, ಆ ಚೆಂಡು ಎಸೆಯೋ ಹುಡುಗನ್ನ ನೋಡಿದೀಯಾ? ಚೆಂಡು ಎಸೆದ್ರೆ ಪಕ್ಕದ ಜಿಲ್ಲೇಲಿ ಬೀಳತ್ತೆ."

"ಪಕ್ಕದ ಜಿಲ್ಲೇಲಿ ಹಿಡಿಯೋರು ಯಾರೋ?" ಎಂದು ಗ್ರೇಡಿ ಕೇಳಿದ. "ನಿಮ್ಮ ಹಾರ್ಲನ್ ರಕ್ಷಣಾಪಡೆ ಹೆಂಗಿದೆ ಲಮಾರ್?"

"ಕಲ್ಲುಗೋಡೆ" ಎಂದ ಲಮಾರ್, ಅಭ್ಯಾಸಬಲದಿಂದ.

"ಹೋದ ವರ್ಷಾನೂ ಕಲ್ಲುಗೋಡೆ ಅಂದಿದ್ದೆ. ಗೋಡೆ ಇತ್ತು, ಬಾಗಿಲು ತೆಗೆದಿತ್ತು!" ಎಂದು ಹಾಯ್ಟ್ ನಕ್ಕ. "ಯಾಕೋ ಬೆವರ್ತಿದೀಯಾ? ಫ್ಯಾನ್ ಜೋರು ಮಾಡ್ಲಾ?"

ಲಮಾರ್ ಅರ್ಧ ಕ್ಷೌರಕ್ಕೇ ಎದ್ದುಬಂದು ಟ್ರಕ್ಕಿನಲ್ಲಿ ಕೂತ. ಸ್ಟಿಯರಿಂಗ್ ಮೇಲೆ ಖಾಲಿ ಪಟ್ಟಿ ಹರಡಿಕೊಂಡ. ಎಂದಿನಂತೆ ಬರೆದರೆ ಗುರುವಾರ ಬೆಳಿಗ್ಗೆ ವರ್ನೆಲ್ ಅದನ್ನು ಓದುತ್ತಾಳೆ. ಪಕ್ಕದಲ್ಲೇ ಹಾಯ್ಟ್‌ನ 'ಮೂರನೇ ಸ್ಥಾನ'ವನ್ನೂ ಓದುತ್ತಾಳೆ. ಕಾಬ್ಲರಿನ ನಡುವಿನ ತುಂಡು ಹೋಗುತ್ತದೆ, ಹೋಗಲಿ. ಆದರೆ ಅವಳು ತನ್ನ ಮುಖ ನೋಡಿ 'ನೀವಾ?' ಎಂದು ಕೇಳಿದರೆ ಉತ್ತರ ಏನು? ಹನ್ನೊಂದು ವರ್ಷ ಅವನ ಪಟ್ಟಿಯಿದ್ದ ಲಕೋಟೆಯನ್ನು ಅಂಚೆಗೆ ಹಾಕುತ್ತಿದ್ದವಳು ಅವಳೇ. ಒಂದು ವರ್ಷ ನೂರಾಮೂರು ಡಿಗ್ರಿ ಜ್ವರದಲ್ಲೂ, 'ಬೇಡ ಕಣೇ' ಎಂದರೂ ಕೇಳದೆ, ಶಾಲು ಹೊದ್ದು ಹೋಗಿ ಹಾಕಿ ಬಂದಿದ್ದಳು. ಅಂಥ ಹೆಂಡತಿಗೆ ಮೋಸ! ಲಮಾರ್‌ಗೆ ನಿಜವಾಗಿಯೂ ಸಂಕಟವಾಯಿತು.

ಆಗ ಅವನ ತಲೆಯಲ್ಲಿ ಒಂದು ದಿವ್ಯ ಜ್ಯೋತಿ ಬೆಳಗಿತು. ವರ್ನೆಲ್‌ಗೆ ಐದನೇ ಸ್ಥಾನದೊಳಗೆ ಅಂತ ತಾನೇ ಹೇಳಿದ್ದು? ಒಂದು ಕೂಡ ಐದರೊಳಗೇ ಬರುತ್ತದೆ! ಕೊಕ್ಕರೆಗಳಿಗೆ ಮೊದಲ ಸ್ಥಾನ ಕೊಟ್ಟುಬಿಟ್ಟರೆ ಹಳೆಯ ಪಾಪವೆಲ್ಲ ಒಂದೇ ಮುಳುಗಿಗೆ ತೊಳೆದುಹೋಗುತ್ತದೆ. ಪೆನ್ನು ಹಿಡಿದ. 'ಕ್ಯಾಲವೇ: ಒಂದು' ಎಂದು ಬರೆದ. ಹಾರ್ಲನ್‌ಗೆ ಎರಡನೇ ಸ್ಥಾನ ಬರೆಯುವಾಗ ಟೋಪಿಯ ಮೇಲಿನ ಹೇಸರಗತ್ತೆಯ ಚಿತ್ರಕ್ಕೆ ಕಾಣದಿರಲಿ ಎಂದು ಟೋಪಿ ತೆಗೆದು ಸೀಟಿನಡಿ ಇಟ್ಟ. ತಾನೇ ಹೋಗಿ ಗ್ರೇಡಿಯ ಕೈಗೆ ಕೊಟ್ಟ. ಗ್ರೇಡಿ ಪಟ್ಟಿಯನ್ನೊಮ್ಮೆ ಇವನನ್ನೊಮ್ಮೆ ನೋಡಿ, "ಮನೇಲಿ ಎಲ್ಲ ಆರೋಗ್ಯ ತಾನೇ?" ಎಂದು ಕೇಳಿದ.

ಸಂಜೆ ವರ್ನೆಲ್ ಕೈ ಒರೆಸಿಕೊಳ್ಳುತ್ತ ಬಂದು, "ಎಲ್ಲಿ, ಲಕೋಟೆ ಕೊಡಿ" ಎಂದಳು.

"ಈ ಸಲ ನಾನೇ ಕೊಟ್ಟು ಬಂದೆ. ನಿಂಗ್ಯಾಕೆ ತೊಂದರೆ ಅಂತ."

ವರ್ನೆಲ್‌ಳ ಮುಖ ಸಣ್ಣದಾಯಿತು. ನನ್ನ ಅಕ್ಕರೆಗೆ ಕರಗಿಹೋದಳು ಎಂದುಕೊಂಡ ಲಮಾರ್.

ಗುರುವಾರ ಬೆಳಿಗ್ಗೆ ಪತ್ರಿಕೆಯನ್ನು ಅವನೇ ಮಡಿಸಿ, ತನ್ನ ಹೆಸರು ಮೇಲೆ ಕಾಣುವಂತೆ, ಅವಳ ಕಾಫಿ ಕಪ್ಪಿನ ಪಕ್ಕ ಇಟ್ಟ. ಒಲೆಯಲ್ಲಿ ಕಾಬ್ಲರ್ ಬೇಯುವ ಘಮ. ವರ್ನೆಲ್ ಕನ್ನಡಕ ಏರಿಸಿ ಓದಿದಳು. ಮತ್ತೆ ಓದಿದಳು. ನಿಧಾನವಾಗಿ ಕುರ್ಚಿ ಎಳೆದು ಕೂತಳು.

"ಒಂದನೇದು?"

"ಹೂಂ ಕಣೇ!" ಲಮಾರ್ ಎದೆಯುಬ್ಬಿಸಿದ.

"ಯಾಕ್ರೀ? ನಾನು ನಿಮಗೆ ಏನು ಅನ್ಯಾಯ ಮಾಡಿದ್ದೆ?"

ಲಮಾರ್‌ನ ಎದೆ ಇದ್ದಲ್ಲೇ ಇಳಿಯಿತು. "ಅನ್ಯಾಯ? ಮೊದಲ ಸ್ಥಾನ ಕೊಟ್ಟಿದೀನಿ ಕಣೇ!"

"ಅದೇ ನಾನೂ ಕೇಳ್ತಿರೋದು! ಮೂವತ್ತೆಂಟು ವರ್ಷ ಅನ್ನ ಬೇಯಿಸಿ ಹಾಕಿದ್ದಕ್ಕೆ ಇದಾ? ಆಟಕ್ಕೆ ಮುಂಚೆನೇ ಒಂದು ಅಂದ್ರೆ ಆ ಹುಡುಗರು ಉದ್ಧಾರ ಆಗ್ತಾರೇನ್ರೀ? ತಲೆ ತಿರುಗಿ, ಕನ್ನಡಿ ಮುಂದೆ ಕೂದಲು ಬಾಚ್ಕೊಂಡು ನಿಲ್ತಾರೆ. 'ನಮ್ಮನ್ನ ಯಾರೂ ನಂಬ್ತಿಲ್ಲ' ಅಂತ ಹೊಟ್ಟೇಲಿ ಬೆಂಕಿ ಇಟ್ಕೊಂಡ್ರೆ ಮಾತ್ರ ಕೊಕ್ಕರೆ ಗೆಲ್ಲೋದು. ನಮ್ಮಪ್ಪ ಇದೊಂದು ಮಾತು ಹೇಳ್ಕೊಟ್ಟು ಸತ್ರು. ಒಂದೇ ಒಂದು ವರ್ಷ ಮೊದಲ ಸ್ಥಾನ ಬಂದಿತ್ತು. ಆ ವರ್ಷ ಯಾವುದೋ ಹೆಸರಿಲ್ಲದ ಕಾಲೇಜಿನ ಕೈಲಿ ಹೊಡೆಸ್ಕೊಂಡ್ರು. ಅಪ್ಪ ಮೂರು ದಿನ ಊಟ ಬಿಟ್ಟಿದ್ರು!"

ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ತುಂಬಿತ್ತು. ಲಮಾರ್ ಕಂಗಾಲಾದ. "ಆದ್ರೆ ಇಷ್ಟು ವರ್ಷ ನಾನು ಐದರೊಳಗೆ..."

"ಎಲ್ಲಿ ಹಾಕಿದ್ರಿ?" ವರ್ನೆಲ್ ಮೂಗು ಒರೆಸಿಕೊಂಡಳು. "ಇಪ್ಪತ್ತೈದರಲ್ಲೂ ಇರ್ತಿರಲಿಲ್ಲ. ಮದುವೆ ಆದಾಗಿಂದ ನೀವು ಒಂದು ಲಕೋಟೆನಾದ್ರೂ ನೆಟ್ಟಗೆ ಅಂಟಿಸಿದೀರಾ? ಅಂಚೆಪೆಟ್ಟಿಗೆ ಹತ್ರ ಹೋಗೋ ಹೊತ್ತಿಗೆ ತಾನೇ ಬಾಯಿ ಬಿಟ್ಟಿರ್ತಿತ್ತು."

"ಅಂದ್ರೆ ನಿಂಗೆ ಗೊತ್ತಿತ್ತು!"

"ಹನ್ನೊಂದು ವರ್ಷದಿಂದ. ಎಷ್ಟು ಚೆನ್ನಾಗಿ ಅವಮಾನ ಮಾಡ್ತಾರೆ ನನ್ನ ಗಂಡ ಅಂತ ಹೆಮ್ಮೆ ಪಡ್ತಿದ್ದೆ."

"ಮತ್ತೆ ಹಾಯ್ಟ್‌ಗೆ ಆ ಕರಕಲು ಕೊಡ್ತಿದ್ದುದು?"

"ಮತ್ತೇನು ಮುದ್ದು ಮಾಡ್ಬೇಕಿತ್ತಾ? ಮೂರನೇ ಸ್ಥಾನ, ಮೂರನೇ ಸ್ಥಾನ ಅಂತ ಊರೆಲ್ಲ ಡಂಗುರ ಹೊಡೀತಾನೆ. ದೃಷ್ಟಿ ತಾಗಿಸೋ ಬಾಯಿ ಅವನದು."

ಲಮಾರ್‌ಗೆ ಹಗುರವಾಯಿತು. ಹನ್ನೊಂದು ವರ್ಷದ ಪಾಪ ಪಾಪವೇ ಅಲ್ಲ! ಅವನು ಇನ್ನೇನು ನಗಬೇಕು, ಅಷ್ಟರಲ್ಲಿ ಒಂದು ಲೆಕ್ಕ ತಲೆಯೊಳಗೆ ತಣ್ಣಗೆ ಹೊಕ್ಕಿತು. ಆ ಹನ್ನೊಂದು ವರ್ಷಗಳಲ್ಲಿ ಹೇಸರಗತ್ತೆಗಳು ಕೊಕ್ಕರೆಗಳ ಕೈಯಲ್ಲಿ ಸೋತದ್ದು ಒಂಬತ್ತು ಸಲ.

"ವರ್ನೆಲ್," ಎಂದ ಮೆಲ್ಲಗೆ. "ಅಷ್ಟೂ ವರ್ಷ ನಾನು ನಮ್ಮ ಹಾರ್ಲನ್‌ನ ಮೊದಲ ಸ್ಥಾನಕ್ಕೆ ಹಾಕ್ತಿದ್ದೆ."

ವರ್ನೆಲ್ ಎದ್ದು ಒಲೆಯ ಕಡೆ ತಿರುಗಿದಳು. "ಹಾಕ್ತಿದ್ರಿ."

"ಅಂದ್ರೆ ಅವರ ತಲೆ ತಿರುಗಿಸಿದ್ದು..."

"ಮತ್ತೆ ಜ್ವರದಲ್ಲಿ ಎದ್ದು ಹೋಗಿ ಯಾಕೆ ಹಾಕಿ ಬಂದೆ ಅಂದ್ಕೊಂಡ್ರಿ?"

ಫೋನು ಹೊಡೆದುಕೊಂಡಿತು. ಲಮಾರ್ ಎತ್ತಿದರೆ ಹಾಯ್ಟ್. "ಕೊಕ್ಕರೆಯವರೇ, ಉಳಿದರ್ಧ ಕ್ಷೌರಕ್ಕೆ ಯಾವಾಗ ಬರ್ತೀರಿ? ಇಲ್ಲಿ ನಿಮ್ಮ ಹಳೇ ಹೇಸರಗತ್ತೆಗಳೆಲ್ಲ ಕಾಯ್ತಿವೆ" ಎಂದು ಹೇಳಿ, ಹಿಂದೆ ಹತ್ತು ಗಂಟಲು ನಗುವುದನ್ನು ಕೇಳಿಸಿ ಇಟ್ಟ.

ವರ್ನೆಲ್ ಕಾಗದ, ಪೆನ್ನು, ಲಕೋಟೆ ತಂದು ಮೇಜಿನ ಮೇಲಿಟ್ಟಳು. "ಮುಂದಿನ ಗುರುವಾರದ ಪತ್ರಿಕೆಗೆ ತಿದ್ದುಪಡಿ ಬರೀರಿ. ಮೊದಲ ಆಟ ಅದಾದ್ಮೇಲೆ ಶನಿವಾರ. ಇನ್ನೂ ಟೈಮಿದೆ. ಬಿಸಿಲು ಹೊಡೆದು ತಲೆ ಕೆಟ್ಟಿತ್ತು ಅಂತ ಬರೀರಿ. ಕ್ಯಾಲವೇಗೆ ಯಾವ ಸ್ಥಾನನೂ ಇಲ್ಲ. ಹಾರ್ಲನ್‌ಗೆ ಒಂದು."

ಪೆನ್ನು ಕಾಗದದ ಮೇಲೆ ನಿಂತಿತು. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿ ಅವನ ಹೇಸರಗತ್ತೆಗಳು ಎರಡನೇ ಸ್ಥಾನದಲ್ಲಿ, ಲಮಾರ್‌ನ ಆಶೀರ್ವಾದದಿಂದ ದೂರವಾಗಿ, ಸುರಕ್ಷಿತವಾಗಿ ಇದ್ದವು. ಸುಮ್ಮನೆ ಕೂತರೆ ಸಾಕು, ನವೆಂಬರಿನಲ್ಲಿ ಕೊಕ್ಕರೆಗಳ ಎದುರಿನ ಪಂದ್ಯದಲ್ಲಿ ಗೆಲುವು ಖಂಡಿತ. ಊರಿನಲ್ಲಿ ಮರ್ಯಾದೆಯೂ ಆಗ ತಾನಾಗಿ ವಾಪಸು ಬರುತ್ತದೆ. ಅವನು ತಲೆಯೆತ್ತಿದ. ಎದುರಿಗೆ ವರ್ನೆಲ್ ಗಲ್ಲಕ್ಕೆ ಕೈಯಿಟ್ಟು ಕೂತಿದ್ದಳು, ಕಣ್ಣು ಇನ್ನೂ ಕೆಂಪಗಿತ್ತು. ಮೂರು ದಿನ ಊಟ ಬಿಟ್ಟ ಆ ಹಸಿರು ಟೈನ ಮುದುಕನೂ ಅವಳ ಬೆನ್ನ ಹಿಂದೆ ನಿಂತು ನೋಡುತ್ತಿದ್ದಂತೆ ಲಮಾರ್‌ಗೆ ಅನ್ನಿಸಿತು.

'ಹಾರ್ಲನ್ ಸ್ಟೇಟ್: ಒಂದು' ಎಂದು ಬರೆದ. ತನ್ನ ಕೈಯಾರೆ, ಗೊತ್ತಿದ್ದೂ ಗೊತ್ತಿದ್ದೂ.

ವರ್ನೆಲ್ ಮೇಲಿಂದ ಕೆಳಗೆ ಇಪ್ಪತ್ತೈದನ್ನೂ ಓದಿ, ತನ್ನ ತಂಡ ಎಲ್ಲೂ ಇಲ್ಲವೆಂದು ಖಚಿತಪಡಿಸಿಕೊಂಡು, ಲಕೋಟೆಯನ್ನು ತಾನೇ ಅಂಟಿಸಿದಳು. "ಈಗ್ಲೇ ಹಾಕಿ ಬರ್ತೀನಿ" ಎಂದಳು. ಅವಳ ಮುಖ ಬೆಳಗಿತ್ತು. ಹೊರಡುವ ಮುನ್ನ ಒಲೆಯಿಂದ ಕಾಬ್ಲರ್ ತೆಗೆದು ಕತ್ತರಿಸಿದಳು. ನಟ್ಟನಡುವಿನ ಮೆತ್ತನೆಯ ತುಂಡನ್ನು ಜೋಪಾನವಾಗಿ ಎತ್ತಿ, ಒಂದು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

"ಅದ್ಯಾರಿಗೆ?" ಎಂದ ಲಮಾರ್.

"ಹಾಯ್ಟ್‌ಗೆ. ದಾರೀಲೇ ಅಂಗಡಿ, ಕೊಟ್ಟು ಹೋಗ್ತೀನಿ. ಎಷ್ಟಾದ್ರೂ ಪಾಪ, ಅವನು ಮೂರಕ್ಕೇ ನಿಲ್ಲಿಸಿದ."

ಆಮೇಲೆ ಮೂಲೆಯ ಕರಕಲು ತುಂಡನ್ನು ತಟ್ಟೆಗೆ ಹಾಕಿ ಗಂಡನ ಮುಂದಿಟ್ಟು, ಲಕೋಟೆಯನ್ನೂ ಡಬ್ಬಿಯನ್ನೂ ಎತ್ತಿಕೊಂಡು ಹೊರಟಳು. ಲಮಾರ್ ಕಟಕಟ ಕಡಿಯತೊಡಗಿದ.