ಬಿಡಿ ಚಿತ್ರಗಳ ಬೈಂಡರ್

ಲೈಬ್ರರಿಯ ಬೈಂಡರ್ ಬೆಳಿಗ್ಗೆ ಬಂದವನೇ ಕಂಪ್ಯೂಟರ್ ತೆರೆದು ನೋಡಿದರೆ ಒಳಗೆ ಸಿನಿಮಾ ಇರಲಿಲ್ಲ, ಸಾವಿರದ ನಾನೂರ ನಲವತ್ತು ಬಿಡಿ ಚಿತ್ರಗಳಿದ್ದವು. ಒಂಬತ್ತು ದಿನ ಹಗಲೂ ರಾತ್ರಿ ಬುಸುಗುಟ್ಟಿ ಆ ಯಂತ್ರ ಹೆತ್ತದ್ದು ಇಷ್ಟೇ. ಒಂದೊಂದರಲ್ಲೂ ಲೈಬ್ರರಿಯನ್ ಮೇಡಂ ಕದಲದೆ ನಿಂತಿದ್ದರು.

ಮೇಡಂ ಅವತ್ತೇ ನಿವೃತ್ತಿಯಾಗುವವರು. ನಾಲ್ಕು ಗಂಟೆಗೆ ಹಾಲ್‌ನಲ್ಲಿ ಬೀಳ್ಕೊಡುಗೆ. ಹನ್ನೆರಡು ವರ್ಷದ ಹಿಂದೆ ಗೋದಾಮಿನಲ್ಲಿ ಮೂಟೆ ಹೊತ್ತು ಸೊಂಟ ಹಿಡಿದು ಕೆಲಸ ಕಳೆದುಕೊಂಡಿದ್ದ ಇವನನ್ನು ಕರೆದು ಕೂರಿಸಿ, ಅಂಟು ಕಲಸುವುದರಿಂದ ಹಿಡಿದು ಕಂಪ್ಯೂಟರ್‌ವರೆಗೆ ಎಲ್ಲವನ್ನೂ ಕಲಿಸಿದವರು ಅವರೇ. ಭಾಷಣ ಮಾಡಿ ಋಣ ಒಪ್ಪಿಕೊಳ್ಳೋಣವೆಂದರೆ ಇವನು ಮೈಕ್ ಕಂಡರೆ ಹಿಂದಿನ ಸಾಲಿಗೆ ಸರಿಯುವವನು. ಅದಕ್ಕೇ ಕಂಪ್ಯೂಟರಿನಲ್ಲಿ ತಾನೇ ಮಾಡಿದ ಒಂದು ನಿಮಿಷದ ಅನಿಮೇಷನ್: ಮೇಡಂ ಬಾಗಿಲು ತೆಗೆಯುತ್ತಾರೆ, ಪುಸ್ತಕಗಳು ಕಪಾಟಿನಿಂದ ಹಕ್ಕಿಗಳ ಹಾಗೆ ಹಾರಿಬಂದು ಅವರ ಸುತ್ತ ಸುತ್ತುತ್ತವೆ.

ಮೇಡಂ ಹೋದ ಮೇಲೆ ಅವರ ಕುರ್ಚಿ ತನ್ನದೇ ಎಂದು ನಂಬಿದ್ದ ಗುಮಾಸ್ತ, ಅವತ್ತಿನಿಂದಲೇ ಆಡಳಿತ ಶುರು ಮಾಡಿದ್ದ. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು, ಎಲ್ಲ ಚಿತ್ರಗಳನ್ನೂ ಎತ್ತಿ ವಿಡಿಯೋ ಮಾಡುವ ಆ್ಯಪ್‌ಗೆ ಸುರಿದುಬಿಡಬೇಕು ಎಂದು ಸಲಹೆ ಕೊಟ್ಟ. ಬೈಂಡರ್ ಸುರಿದ. ಒಂದೊಂದು ಚಿತ್ರವೂ ಐದೈದು ಸೆಕೆಂಡ್ ಠಿಕಾಣಿ ಹೂಡಿ, ಒಂದು ನಿಮಿಷದ ಸಿನಿಮಾ ಸರಿಯಾಗಿ ಎರಡು ಗಂಟೆಯದಾಯಿತು. ಚಿಲಕ ತೆಗೆಯುವುದಕ್ಕೇ ಮೇಡಂಗೆ ನಾಲ್ಕು ನಿಮಿಷ ಹಿಡಿಯಿತು.

ಇಡೀ ಕಟ್ಟಡದಲ್ಲಿ ಇದನ್ನು ಸರಿಪಡಿಸಲು ಗೊತ್ತಿದ್ದವರು ಒಬ್ಬರೇ, ಮೇಡಂ. ಬೇರೆ ದಾರಿ ಕಾಣದೆ ಅವರ ಕೋಣೆಗೇ ಹೋದ. ಅವರು ಎಲ್ಲಿಗೋ ಹೊರಟು ಎದ್ದು ನಿಂತಿದ್ದರು. ಬಿಡಿ ಚಿತ್ರಗಳ ತೊಡಕು ಹೇಳಿ, ಅದು ಷಡ್ಡಕನ ಮಗಳ ಸ್ಕೂಲಿನ ಕೆಲಸ ಎಂದು ಸುಳ್ಳು ಪೋಣಿಸಿದ. ಅವರು ಮತ್ತೆ ಕೂತು, ಒಂದೊಂದೇ ಚಿತ್ರ ಹಾಕಬಾರದು, ಎಲ್ಲವನ್ನೂ ಒಂದೇ ಸರಣಿ ಎಂದು ತೆರೆದು, ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಎಂದು ಹೇಳಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಹಾಗೇ ಮಾಡಿದ. ಈ ಸಲ ನಿಮಿಷ ಸರಿಹೋಯಿತು, ಮೇಡಂ ಕೆಟ್ಟರು. ಬಾಗಿಲಲ್ಲಿದ್ದವರು ಹಠಾತ್ತನೆ ಕಪಾಟಿನ ಹತ್ತಿರ, ಅಲ್ಲಿಂದ ಮತ್ತೆ ಬಾಗಿಲಿಗೆ. ಪುಸ್ತಕಗಳಂತೂ ಬಾಣಲೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯುತ್ತಿದ್ದವು. ಕಸ ಗುಡಿಸುತ್ತಿದ್ದ ಅಕ್ಕ ಪೊರಕೆ ನಿಲ್ಲಿಸಿ ನೋಡಿ, "ಪಾಪ, ಮೇಡಂಗೆ ಚಳಿಜ್ವರಾನಾ?" ಅಂದಳು.

ಮತ್ತೆ ಓಡಿದ. ಮೇಡಂ ಮತ್ತೆ ಬಾಗಿಲ ಬಳಿ ಇದ್ದರು, ಮತ್ತೆ ಬಂದು ಕೂತರು. ಚಿತ್ರಗಳಿಗೆ ಹೆಸರು ಹೇಗಿಟ್ಟಿದ್ದಾಳೆ ಆ ಹುಡುಗಿ ಎಂದು ಕೇಳಿದರು. ಒಂದು, ಎರಡು, ಮೂರು ಅಂತ, ಎಂದ.

"ಅದಕ್ಕೇ. ಕಂಪ್ಯೂಟರ್ ಮೊದಲ ಅಂಕಿ ನೋಡ್ಕೊಂಡು ಒಂದಾದ ಮೇಲೆ ಹತ್ತು, ನೂರು, ಸಾವಿರ ಅಂತ ಜೋಡಿಸಿಕೊಂಡಿದೆ. ಮುಂದೆ ಸೊನ್ನೆ ಸೇರಿಸಿ ಎಲ್ಲಾನೂ ನಾಲ್ಕಂಕಿ ಮಾಡು. ಹನ್ನೆರಡು ವರ್ಷದಿಂದ ಪುಸ್ತಕದ ಬೆನ್ನಿನ ನಂಬರ್ ಮುಂದೆ ಸೊನ್ನೆ ಅಂಟಿಸ್ತಿದ್ದೀಯ, ಯಾಕೆ ಅಂತ ಒಂದಿನಾನೂ ಕೇಳ್ಲಿಲ್ವಲ್ಲಪ್ಪ."

ಎಲ್ಲ ಹೆಸರನ್ನೂ ಒಟ್ಟಿಗೆ ಬದಲಿಸುವ ಉಪಾಯವನ್ನೂ ಅವರೇ ಹೇಳಿಕೊಟ್ಟರು. ಸಿನಿಮಾ ಈಗ ನೀರು ಹರಿದ ಹಾಗೆ ಹರಿದು, ಆರುನೂರ ಹನ್ನೊಂದನೇ ಚಿತ್ರಕ್ಕೆ ಗಕ್ಕನೆ ನಿಂತಿತು. ಮೂರನೇ ಸಲ ಹೋದಾಗ ಗಡಿಯಾರ ಮೂರು ದಾಟಿತ್ತು, ಮೇಡಂ ಆಗಲೂ ಹೊರಡಲು ಎದ್ದಿದ್ದರು. ನಡುವಿನ ಒಂದು ಸಂಖ್ಯೆ ಕಾಣೆಯಾಗಿರಬೇಕು, ಯಾರು ತೆಗೆದುಕೊಂಡರೆಂದು ವಿಚಾರಿಸು ಎಂದರು ಮೇಡಂ. ವಿಚಾರಿಸಿದರೆ, ಬ್ಯಾನರಿಗೆ ಚೆನ್ನಾಗಿರುತ್ತದೆಂದು ಗುಮಾಸ್ತ ಮಧ್ಯಾಹ್ನ ಆರುನೂರ ಹನ್ನೆರಡನ್ನು ತನ್ನ ಪೆನ್‌ಡ್ರೈವಿಗೆ ಎತ್ತಿಕೊಂಡಿದ್ದ. ನಕಲು ಮಾಡಿಕೊಂಡಿರಲಿಲ್ಲ, ಅದನ್ನೇ ಎತ್ತಿಕೊಂಡಿದ್ದ.

ಅದನ್ನು ವಾಪಸ್ಸು ಸೇರಿಸಿ, ನಾಲ್ಕಕ್ಕೆ ಐದು ನಿಮಿಷವಿರುವಾಗ ವಿಡಿಯೋ ಸಿದ್ಧವಾಯಿತು. ಹಾಲ್‌ನಲ್ಲಿ ಗುಮಾಸ್ತ, ಮೇಡಂ ಬಿಟ್ಟುಹೋಗುವ ಭಾರವನ್ನು ತಾನು ಹೇಗೆ ಹೊರಲಿದ್ದೇನೆ ಎಂದು ಇಪ್ಪತ್ತು ನಿಮಿಷ ವಿವರಿಸಿದ. ಆಮೇಲೆ ದೀಪ ಆರಿಸಿದರು. ಪರದೆಯ ಮೇಲೆ ಬಾಗಿಲು ತೆರೆಯಿತು, ಪುಸ್ತಕಗಳು ಹಾರಿದವು. ದೀಪ ಹಾಕಿದಾಗ ಮೇಡಂ ಕನ್ನಡಕ ತೆಗೆದು ಒರೆಸುತ್ತಿದ್ದರು. ಬೈಂಡರನಿಗೆ ಅಷ್ಟು ಸಾಕಾಗಿತ್ತು.

ಅವರು ಎದ್ದು ಮಾತಾಡಿದರು. ಬೆಳಗಿನ ಟಪಾಲಿನಲ್ಲಿ ಕಾಗದ ಬಂದಿದೆಯಂತೆ. ಅವರ ಜಾಗಕ್ಕೆ ತಕ್ಕವರು ಯಾರೂ ಸಿಕ್ಕಿಲ್ಲವಾದ್ದರಿಂದ ಇನ್ನೂ ಎರಡು ವರ್ಷ ಇರಬೇಕಂತೆ. "ಹೇಳೋಣ ಅಂತ ಮೂರು ಸಲ ಎದ್ದೆ. ಮೂರು ಸಲವೂ ಇವನು ಏನೋ ಕೇಳ್ಕೊಂಡು ಬಂದ. ಆಮೇಲೆ ನೋಡಿದ್ರೆ ಇಲ್ಲಿ ಸಮಾರಂಭಕ್ಕೆ ಕುರ್ಚಿ ಹಾಕಿಯಾಗಿತ್ತು."

ಗುಮಾಸ್ತನ ಮುಖ ಕಣ್ಣೆದುರೇ ಬಸ್ಸು ಹೊರಟುಹೋದವನ ಮುಖವಾಯಿತು.

ಎಲ್ಲರೂ ಹೋದ ಮೇಲೆ ಮೇಡಂ ಬೈಂಡರನ ಬಳಿ ಬಂದು ಅವನ ಕೈ ಹಿಡಿದುಕೊಂಡರು. ನನ್ನ ಜೀವಮಾನದಲ್ಲಿ ಯಾರೂ ನನಗಾಗಿ ಇಷ್ಟು ಕಷ್ಟಪಟ್ಟಿರಲಿಲ್ಲ ಎಂದರು. ನಂತರ ಸ್ವಲ್ಪ ಯೋಚಿಸಿ, "ಆದ್ರೆ ಎರಡು ವರ್ಷ ಆದ್ಮೇಲೆ ಇದನ್ನೇ ಹಾಕ್ಬೇಡ ಕಣಪ್ಪ. ನಾನು ನೋಡ್ಬಿಟ್ಟಿದ್ದೀನಿ. ಹೊಸದು ಮಾಡು" ಅಂದರು.

ಒಂಬತ್ತು ದಿನದ ದುಡಿಮೆ ನೀರಿಗೆ ಹೋದದ್ದು ಬೈಂಡರನಿಗೆ ಆಗ ಹೊಳೆಯಿತು. ಯಾಕೋ ಬೇಸರವೇ ಆಗಲಿಲ್ಲ.

"ಮಾಡ್ತೀನಿ ಮೇಡಂ. ಮತ್ತೆ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಯಾರನ್ನ ಕೇಳ್ಲಿ?"

"ನಾನಿರ್ತೀನಲ್ಲ" ಅಂದರು ಮೇಡಂ.