ಸುಂಕದ ಕಿಟಕಿ

ನಾಲ್ಕು ದಾರಿ ಕೂಡುವ ಆ ಹಳ್ಳಿಯಲ್ಲಿ ರಸ್ತೆ ಅಗಲ ಮಾಡುತ್ತಾರೆಂಬ ಸುದ್ದಿ ಬಂದಾಗಿನಿಂದ ದರ್ಜಿಯ ಹೊಲಿಗೆ ನೆಟ್ಟಗೆ ಬರುತ್ತಿರಲಿಲ್ಲ. ಮೂಲೆಯಲ್ಲಿ ರಸ್ತೆಗೆ ಮೂಗು ತೂರಿಸಿಕೊಂಡು ನಿಂತಿದ್ದದ್ದು ಅವನ ಅಂಗಡಿಯೇ. ಅದು ಹೋದರೆ ಮಿಷನ್ ಇಡಲು ಪಾಪ ಅವನಿಗೆ ಬೇರೆ ಜಾಗವಿರಲಿಲ್ಲ. ನೂರು ವರ್ಷ ದಾಟಿದ ಕಟ್ಟಡವಾದರೆ ಮಾತ್ರ ಕೆಡವುವುದಿಲ್ಲವಂತೆ. ಅದನ್ನು ಪರೀಕ್ಷಿಸಲು ಸರ್ಕಾರದ ಸಾಹೇಬರು ಅಂದೇ ಬರುವವರಿದ್ದರು.

“ಎಷ್ಟು ಹಳೇದು ಅಂದ್ರೆ ಏನ್ ಹೇಳ್ತೀಯೋ?” ಎದುರಿನ ಟೀ ಅಂಗಡಿಯ ಅಕ್ಕ ಕೇಳಿದಳು.

“ನಮ್ಮಜ್ಜನ ಕಾಲದ್ದು ಅಂತೀನಿ.”

“ಕೆಟ್ಟೆ ಬಿಡು. ನನ್ನ ಮದುವೆ ಬಟ್ಟೆ ಹೊಲಿದೋರು ನಿಮ್ಮಜ್ಜ. ಹಾಗಾದ್ರೆ ನನಗೂ ನೂರಾಯ್ತಾ?”

ಟೀ ಕುಡಿಯುತ್ತಿದ್ದ ನಿವೃತ್ತ ಮೇಷ್ಟ್ರು ಬಾಯಿ ಹಾಕಿದರು. “ದಾರಿ ಕೂಡೋ ಕಡೆ ರಾಜರ ಕಾಲದಲ್ಲಿ ಸುಂಕದ ಕಟ್ಟೆ ಇರ್ತಿತ್ತು. ಗಾಡಿ ನಿಲ್ಲಿಸಿ ಸುಂಕ ವಸೂಲಿ ಮಾಡೋರು. ಇದೇ ಅದು ಅಂದ್ಬಿಡು.”

ಸಾಹೇಬರು ಬಂದು ಗೋಡೆ ತಟ್ಟಿದರು. ಒಂದು ಹಿಡಿ ಮಣ್ಣು ಅವರ ಹೊಸ ಅಂಗಿಯ ಮೇಲೆ ಉದುರಿತು.

“ಈ ಪುಟ್ಟ ಕಿಟಕಿ ನೋಡಿ ಸ್ವಾಮಿ, ಸುಂಕದವರು ಇಲ್ಲಿಂದಲೇ ಕೈ ಚಾಚ್ತಿದ್ರು,” ಎಂದ ದರ್ಜಿ. ಎದ್ದು ಹೋಗಲು ಸೋಮಾರಿತನವೆಂದು ಅಜ್ಜ ಕೂತಲ್ಲೇ ಬಟ್ಟೆ ಈಸಿಕೊಳ್ಳಲು ಕೊರೆಸಿದ ಕಿಟಕಿ ಅದು.

“ಕಂಬದ ಮೇಲೆ ಎತ್ತಿನ ಕೊಂಬಿನ ಗುರುತು ನೋಡಿ,” ಎಂದಳು ಅಕ್ಕ. ದರ್ಜಿ ದಿನವೂ ಕತ್ತರಿ ಮಸೆಯುತ್ತಿದ್ದದ್ದು ಅಲ್ಲೇ.

“ಎತ್ತರದ ಜಗಲಿ ಯಾಕೆ ಅಂತೀರಿ? ಗಾಡಿಯಿಂದ ಮೂಟೆ ಸೀದಾ ಇಳಿಸೋಕೆ,” ಎಂದರು ಮೇಷ್ಟ್ರು.

ಸಾಹೇಬರು ಹಿರಿಹಿರಿ ಹಿಗ್ಗಿದರು. ಫೋಟೋ ಮೇಲೆ ಫೋಟೋ ತೆಗೆದರು. “ಇದರ ಒಂದು ಕಲ್ಲು ಮುಟ್ಟೋಕೂ ಯಾರನ್ನೂ ಬಿಡಲ್ಲ ನಾನು.”

ದರ್ಜಿಗೆ ಕಣ್ಣು ತುಂಬಿ ಬಂತು. ಅಕ್ಕ ಎಲ್ಲರಿಗೂ ಟೀ ಇಟ್ಟಳು.

“ಅಂದ ಹಾಗೆ, ಖಾಲಿ ಯಾವಾಗ ಮಾಡ್ತೀರಿ?” ಸಾಹೇಬರು ಕೇಳಿದರು.

“ಏನನ್ನ ಸ್ವಾಮಿ?”

“ಅಂಗಡೀನ. ಸುಂಕದ ಕಟ್ಟೆ ಅಂದ್ಮೇಲೆ ಸರ್ಕಾರದ್ದೇ ತಾನೆ? ಬೀಗ ಹಾಕಿ ಜೋಪಾನ ಮಾಡ್ತೀವಿ.”

ದರ್ಜಿ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಕನ್ನಡಕ ಒರೆಸುವುದರಲ್ಲಿ ಮುಳುಗಿಹೋಗಿದ್ದರು.

“ತಪ್ಪಾಯ್ತು ಸ್ವಾಮಿ. ಎಲ್ಲಾ ಕಟ್ಟುಕತೆ. ಇದು ನಮ್ಮಜ್ಜ ಕಟ್ಟಿಸಿದ್ದೇ.”

ಸಾಹೇಬರ ಮುಖ ಸಪ್ಪಗಾಯಿತು. “ಹಾಗಾದ್ರೆ ಹಳೇದಲ್ಲ. ನಾಳೆ ಬೆಳಿಗ್ಗೆ ಕೆಡವೋರು ಬರ್ತಾರೆ. ಈಗ ಎರಡರಲ್ಲಿ ಯಾವುದನ್ನ ನಿಜ ಅಂತ ಬರ್ಕೊಳ್ಳಲಿ?”

ದರ್ಜಿ ಅರ್ಧ ಹೊಲಿದು ತೂಗುಹಾಕಿದ್ದ ಊರವರ ಅಂಗಿಗಳನ್ನೆಲ್ಲ ಒಮ್ಮೆ ನೋಡಿದ.

“ಖಾಲಿ ಮಾಡೋಕೆ ಯಾವ ನಿಜಕ್ಕೆ ಎರಡು ದಿನ ಜಾಸ್ತಿ ಸಿಗುತ್ತೆ ಸ್ವಾಮಿ?”